ಮರವಾಗಿ

ಓಲ್ಡಮ್ಮಿನ ಹಳೆಯ ಹತ್ತಿ ಗಿರಣಿ, ಮೂರನೇ ಮಹಡಿ.
ನೂಲು ನಿಂತು ಎಷ್ಟೋ ಕಾಲ. ಈಗ ತೊಲೆಯಿಂದ
ಎರಡು ಪಟ್ಟಿ, ಪಟ್ಟಿಯ ತುದಿಗೆ ಎರಡು ಮರದ ಬಳೆ.
ಮಂಗಳವಾರ, ಶುಕ್ರವಾರ, ಸಂಜೆ ಏಳಕ್ಕೆ
ಅವಕ್ಕೆ ಜೋತು ಬೀಳುತ್ತೇನೆ. ಐವತ್ತೊಂದು ನನಗೆ.

ಮೊದಲ ದಿನ ಹನ್ನೊಂದು ಸೆಕೆಂಡು.
ಷೊರಕ್ಸ್ ಗಡಿಯಾರ ನೋಡಿದ, ನನ್ನ ನೋಡಲಿಲ್ಲ.
ಚಾವಣಿಗೆ ಸ್ಲೇಟು ಹೊದಿಸುತ್ತಿದ್ದವ, ಎಡಗೈಲಿ ನಾಲ್ಕೇ ಬೆರಳು,
ಆ ನಾಲ್ಕರಲ್ಲೇ ಒಂದು ನಿಮಿಷ ತೂಗಿ ಇಳಿದು
"ಹಿಡಿಯೋದು ಬೆರಳಲ್ಲ ವಾರಿಜ್, ಮುಂಗೈ" ಅಂದ.
ನನ್ನ ಹೆಸರಿನ ಕೊನೆಯ ದೀರ್ಘ ಅವನ ಹಿಡಿತಕ್ಕೆ ಸಿಗದು.

ಹಗಲೆಲ್ಲ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ನಾನು.
ಒಂದು ಕೈಗೆ ಇಪ್ಪತ್ತೇಳು ಮೂಳೆ. ಅದರಲ್ಲಿ ಎಂಟು
ಸುಲಿದ ಕಡಲೆಬೀಜದ ಹಾಗೆ ಮಣಿಕಟ್ಟಿನಲ್ಲಿ.
ಯಾವುದು ಎಲ್ಲಿ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ.
ಗೊತ್ತಿದ್ದು ಏನು ಬಂತು?
ಬಳೆಯೊಳಗೆ ತೂರಿಸಿ ಅಂಚಿಗೆ ಒರಗಿಸು ಎಂದರೆ
ಮಣಿಕಟ್ಟೊಂದೇ ಮಣಿಯಲೊಲ್ಲದು.

ಮನೆಪಾಠ: ಒಂದು ಬಕೆಟ್ಟು ಅಕ್ಕಿ.
ಅದರೊಳಗೆ ಕೈ ಇಳಿಸಿ
ಹಿಸುಕು, ಬಿಡಿಸು, ತಿರುವು, ನೂರು ಸಲ.
ಹುಳ ಬಿದ್ದ ಅಕ್ಕಿಯೇ. ಆದರೂ ಒಂದು ಕಾಳನ್ನು
ಕಣ್ಣಿಗೊತ್ತಿಕೊಂಡು ಶುರುಮಾಡಿದೆ.
"ಅಕ್ಕಿ ಜೊತೆ ಆಟವೇನೇ, ಲಕ್ಷ್ಮಿ ಎದ್ದು ಹೋದಾಳು" ಅಂತ
ಅಜ್ಜಿ ಬೈದದ್ದು ಬಕೆಟ್ಟಿನ ತಳದಿಂದ ಕೇಳಿಸುತ್ತಿತ್ತು.
ಮೂರು ವಾರಕ್ಕೆ ಉಪ್ಪಿನಕಾಯಿ ಬಾಟಲಿ ಒಂದೇ ಏಟಿಗೆ ತೆರೆಯಿತು.
ಗಂಡ ಮಾತಾಡದೆ ಜಾಮಿನದನ್ನೂ ತಂದಿಟ್ಟ.

ಭುಜದ್ದೇ ಬೇರೆ ಕತೆ.
ಪೊರಕೆ ಕೋಲನ್ನು ಎರಡು ಕೈಲಿ ಅಗಲಕ್ಕೆ ಹಿಡಿದು
ತಲೆಯ ಮೇಲಿಂದ ಬೆನ್ನ ಹಿಂದಕ್ಕೆ, ಮತ್ತೆ ಮುಂದಕ್ಕೆ.
ಗುಡಿಸಿ ಗುಡಿಸಿ ಸೆಟೆದ ಭುಜವನ್ನು
ಅದೇ ಕೋಲು ಬಿಡಿಸಬೇಕಂತೆ.
ವಾರಕ್ಕೊಂದು ಬೆರಳಗಲ ಕೈ ಹತ್ತಿರ ತಾ, ಹೆಚ್ಚು ಆಸೆ ಬೇಡ.
ನಾನು ಆಸೆಪಟ್ಟೆ.
ಎರಡು ವಾರ ನನ್ನ ತಲೆ ಬಾಚಿದ್ದು ಗಂಡ.

ಪಕ್ಕದ ಬಳೆಗಳಲ್ಲಿ ಎಂಟು ವರ್ಷದ ತಹ್ಮಿನಾ
ಬಾವಲಿಯಂತೆ ಜೋತು, ತೋಳ ನಡುವೆ ಕಾಲು ತೂರಿಸಿ
ಮಗುಚಿ ಇಳಿಯುತ್ತಾಳೆ, ಬಾಯಲ್ಲಿ ಚ್ಯೂಯಿಂಗ್ ಗಮ್.
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?
ಆ ಗಾದೆ ಕಟ್ಟಿದವರ ಮೇಲೆ ಆ ಸಂಜೆ ಸಿಟ್ಟು ಬಂತು.

ಅಂಗೈ ಹರಿದಿತ್ತು. ಜಡ್ಡಿನ ಅಂಚು ಎದ್ದು, ಕೆಳಗೆ ಕೆಂಪು,
ಸೀಮೆಸುಣ್ಣದ ಪುಡಿ ಉರಿ. ಬೆಂಚಿನ ಮೇಲೆ ಕೂತು
ಬಿಚ್ಚಿಟ್ಟ ಬಳೆಯೊಂದನ್ನು ಮಡಿಲಲ್ಲಿ ತಿರುಗಿಸುತ್ತಿದ್ದೆ.
ಓರೆಯಾಗಿ ನೋಡಿದರೆ ಗೆರೆಗಳು:
ತೆಳು ಹಾಳೆ, ಅಂಟು, ಮತ್ತೊಂದು ಹಾಳೆ.
ಎಣಿಸಿದೆ, ಹದಿನಾಲ್ಕು. "ಬರ್ಚ್" ಅಂದ ಷೊರಕ್ಸ್.
ಬೆಳೆದು ನಿಂತಿದ್ದ ಮರ. ಕಡಿದು, ಸೀಳಿ,
ಒಂದೊಂದೇ ಪದರ ಬಗ್ಗಿಸಿ, ಒಣಗುವತನಕ ಕಾದು,
ಮುಂದಿನದು.

ಗಾದೆಗೆ ನಾನೇನೂ ಹೇಳಲಿಲ್ಲ.
ಬಳೆಯನ್ನು ಮೂಗಿಗೆ ಹಿಡಿದೆ. ಬೆವರು, ಎಷ್ಟೋ ಜನರದು.

ಕೈಗೆ ಬಟ್ಟೆ ಸುತ್ತಿ ಮತ್ತೆ ಹತ್ತಿದಾಗ
ನೆನಪಾದವಳು ಬಳೆಗಾರ್ತಿ ಶಿವಗಂಗವ್ವ.
ಗೆಣ್ಣುಗಳನ್ನು ಒಟ್ಟಿಗೆ ಒತ್ತಿ ಹೇಳುತ್ತಿದ್ದಳು:
"ಕೈ ಸಡಿಲ ಬಿಡು ತಂಗಿ, ನೀ ಬಿಗಿದ್ರೆ ಅದು ಒಡೀತೈತಿ."
ಬಿಟ್ಟೆ. ಮಣಿಕಟ್ಟು ಜಾರಿ ಬಳೆಯ ಅಂಚಿಗೆ ಕೂತಿತು.
ಆಮೇಲೆ ಹಿಡಿದೆ.
ಎಷ್ಟು ಸೆಕೆಂಡೋ, ಷೊರಕ್ಸ್ ಗಡಿಯಾರ ಮರೆತಿದ್ದ.

ಮಾರನೆಯ ಬೆಳಿಗ್ಗೆ ಮೊದಲ ಕೈ ಒಬ್ಬ ಅಜ್ಜಿಯದು,
ಹಿಮದಲ್ಲಿ ಜಾರಿದ್ದು. ನಡುಗುವ ಬೆರಳುಗಳನ್ನು
ಒಂದೊಂದಾಗಿ ತಟ್ಟೆಯ ಮೇಲೆ ಹರಡುವಾಗ
ನನ್ನ ಅಂಗೈಯ ಒರಟು ಅವರ ಉಣ್ಣೆಗೆ ಸಿಕ್ಕಿಕೊಂಡಿತು.
"ಗಾರೆ ಕೆಲಸವೇನಮ್ಮ ನಿಂದು?"
ಹ್ಞೂಂ ಅಂದುಬಿಟ್ಟೆ.
ಅಲುಗಬೇಡಿ, ಅಂದೆ. ಗುಂಡಿ ಒತ್ತಿದೆ.